ಬೆಂಗಳೂರು ಎಫ್‌ಸಿ, 2024-25ರ ಸೀಸನ್ನು: ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು, ನನ್ನ ಉತ್ತರಗಳು

ಎಲ್ಲಾ ಬಿಟ್ಟು 2024-25ರ ಸೀಸನ್ ಬಗ್ಗೆನೇ ಯಾಕೆ ಮಾತಾಡ್ತೀಯಾ?

ಯಾಕಂದ್ರೆ ಐಎಸ್‌ಎಲ್ಲು (ಇಂಡಿಯನ್ ಸೂಪರ್ ಲೀಗು, ದೇಶದ ದೊಡ್ಡ ಫುಟ್‌ಬಾಲ್ ಲೀಗು) ನಮ್ಮೂರಲ್ಲೊಂದು ಅವ್ರೂರಲ್ಲೊಂದು ಅಂತ ಪೂರ್ತಿಯಾಗಿ ನಡೆದ ಕೊನೇ ಸೀಸನ್ ಅದು. 13 ಟೀಮು, ಒಬ್ಬೊಬ್ರಿಗೂ 24 ಮ್ಯಾಚು, ಅದಾದ್ಮೇಲೆ ಮೊದಲ ಆರು ಟೀಮಿಗೆ ಪ್ಲೇಆಫು. ಅದು ಮುಗಿದ್ಮೇಲೆ ಲೀಗೇ ನಿಂತೋಯ್ತು, ಆ ಕತೆ ಕೆಳಗೆ ಹೇಳ್ತೀನಿ. ಒಂದು ಟೀಮು ಹೆಂಗಿದೆ ಅಂತ ತೀರ್ಮಾನ ಮಾಡ್ಬೇಕು ಅಂದ್ರೆ ಅಷ್ಟು ಮ್ಯಾಚಾದ್ರೂ ಕಣ್ಮುಂದೆ ಇರ್ಬೇಕು.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಅದು ತುಂಬಾ ಒಳ್ಳೆ ಸೀಸನ್ನು, ಹಂಗೇ ತುಂಬಾ ಭಯ ಹುಟ್ಟಿಸೋ ಸೀಸನ್ನೂ ಹೌದು. ನಮ್ಮ ಟೀಮಲ್ಲಿ ಅತಿ ಹೆಚ್ಚು ಗೋಲ್ ಹೊಡೆದಿದ್ದು 40 ವರ್ಷದ ಸುನಿಲ್ ಛೆಟ್ರಿ, ಅವನ ಜಾಗಕ್ಕೆ ಯಾರು ಅನ್ನೋದಕ್ಕೆ ಕ್ಲಬ್ಬಲ್ಲಿ ಉತ್ತರ ಇರ್ಲಿಲ್ಲ. ಆ ಉತ್ತರ ನಮ್ಮೂರ ಗಲ್ಲಿಗಳಲ್ಲೇ ಇದೆ ಅಂತ ನಾನು ನಂಬ್ತೀನಿ. ಕೆಳಗಿರೋದೆಲ್ಲ ಇದೇ ಮಾತಿನ ಸುತ್ತ ಸುತ್ತತ್ತೆ.

ಫೈನಲ್ ಸೋತೋರು ನೀವು. ಅದನ್ನ ಒಳ್ಳೆ ಸೀಸನ್ ಅಂತ ಹೆಂಗಂತೀಯಾ?

ಅದರ ಹಿಂದಿನ ವರ್ಷ ನೋಡಿ ಆಮೇಲೆ ಕೇಳಿ. 2023-24ರಲ್ಲಿ ನಾವು 12 ಟೀಮಲ್ಲಿ ಹತ್ತನೇ ಜಾಗ. ಕೋಚ್ ಗ್ರೇಸನ್ ಅರ್ಧದಲ್ಲೇ ಹೋದ್ರು, 2023ರ ಡಿಸೆಂಬರಲ್ಲಿ ಅವ್ರ ಜಾಗಕ್ಕೆ ಜೆರಾರ್ಡ್ ಝರಗೋಝಾ ಬಂದ್ರು, ಬಂದ್ರೂ ಆ ಸೀಸನ್ ಉಳೀಲಿಲ್ಲ. ಅಲ್ಲಿಂದ ಮುಂದಿನ ವರ್ಷಕ್ಕೆ 38 ಪಾಯಿಂಟ್ ತಗೊಂಡು ಮೂರನೇ ಜಾಗ, ಪ್ಲೇಆಫಲ್ಲಿ ನಮ್ಮ ಮನೇಲಿ, ಅಂದ್ರೆ ಕಂಠೀರವ ಸ್ಟೇಡಿಯಮ್ಮಲ್ಲಿ, ಮುಂಬೈಗೆ 5-0 ಹೊಡೆದು, ಗೋವಾನ ದಾಟಿ, ಕೋಲ್ಕತ್ತಾದ ಸಾಲ್ಟ್ ಲೇಕಲ್ಲಿ ಮೋಹನ್ ಬಾಗನ್ ಮನೆ ಅಂಗಳದಲ್ಲೇ ಅವ್ರನ್ನ ಎಕ್ಸ್‌ಟ್ರಾ ಟೈಮ್‌ವರೆಗೂ ಎಳೆದ ಟೀಮದು. ಆ ಮೋಹನ್ ಬಾಗನ್ ಅಂದ್ರೆ ಆ ವರ್ಷ ಲೀಗಲ್ಲಿ 56 ಪಾಯಿಂಟ್ ಮಾಡಿದ ಟೀಮು, ಅದಕ್ಕೂ ಮುಂಚೆ ಐಎಸ್‌ಎಲ್ಲಲ್ಲಿ ಯಾರೂ 50 ದಾಟಿರ್ಲಿಲ್ಲ.

ಕಪ್ ಬರ್ಲಿಲ್ಲ ಅನ್ನೋ ನೋವು ನನಗೂ ಇದೆ, ಇವತ್ತಿಗೂ ಇದೆ. ಆದ್ರೆ ಹತ್ತನೇ ಜಾಗದಿಂದ ಫೈನಲ್ಲಿಗೆ ಬಂದ ಹುಡುಗ್ರನ್ನ ಫೇಲ್ ಅನ್ನೋದು ನನ್ನಿಂದ ಆಗಲ್ಲ.

ಶುರು ಅಷ್ಟು ಚೆನ್ನಾಗಿ ಆಗಿದ್ದು ಹೇಗೆ?

ಡಿಫೆನ್ಸು. ಮೊದಲ ಐದು ಮ್ಯಾಚಲ್ಲಿ ಒಂದೇ ಒಂದು ಗೋಲು ಬಿಟ್ಕೊಡ್ಲಿಲ್ಲ. ಈಸ್ಟ್ ಬೆಂಗಾಲ್ ಮೇಲೆ 1-0, ಹೈದರಾಬಾದ್ ಮೇಲೆ 3-0, ಮೋಹನ್ ಬಾಗನ್ ಮೇಲೆ 3-0 (ಹೌದು, ಕೊನೇಲಿ ಶೀಲ್ಡೂ ಕಪ್ಪೂ ಎರಡೂ ಎತ್ತಿದ ಅದೇ ಮೋಹನ್ ಬಾಗನ್ನು, ಸೆಪ್ಟೆಂಬರ್ 28ನೇ ತಾರೀಕು ಕಂಠೀರವದಲ್ಲಿ), ಮುಂಬೈ ಜೊತೆ 0-0, ಪಂಜಾಬ್ ಮೇಲೆ 1-0. ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಬಗ್ಗೆ ಹಿಂದಿನ ಎರಡು ವರ್ಷ ಎಷ್ಟೆಷ್ಟು ಮಾತಾಡಿದ್ರು ಜನ, ಅಷ್ಟಕ್ಕೂ ಆ ಐದು ಮ್ಯಾಚಲ್ಲೇ ಉತ್ತರ ಸಿಕ್ತು. ರಾಹುಲ್ ಭೆಕೆ ವಾಪಸ್ ಬಂದಿದ್ದು ದೊಡ್ಡ ವಿಷ್ಯ, ಪಕ್ಕದಲ್ಲಿ ಜೊವಾನೊವಿಚ್, ಚಿಂಗ್ಲೆನ್ಸಾನಾ, ಮುಂದೆ ಮಿಡ್‌ಫೀಲ್ಡಲ್ಲಿ ಪೆಡ್ರೊ ಕಾಪೋ ಎಲ್ಲಾ ಬೆಂಕಿನೂ ತಾನೇ ಆರಿಸ್ತಿದ್ದ. ಕಾಪೋ ಏನ್ ಮಾಡ್ತಿದ್ದ ಅಂತ ಟೀವೀಲಿ ನೋಡಿದ್ರೆ ಗೊತ್ತಾಗ್ತಿರ್ಲಿಲ್ಲ, ಯಾಕಂದ್ರೆ ಕ್ಯಾಮರಾ ಬಾಲ್ ಹಿಂದೆ ಇರತ್ತೆ, ಅವನು ಬಾಲು ಎಲ್ಲಿಗೆ ಬರತ್ತೋ ಅಲ್ಲಿ ಮೊದ್ಲೇ ನಿಂತಿರ್ತಿದ್ದ. ಸ್ಟೇಡಿಯಮ್ಮಿಗೆ ಬನ್ನಿ ಅಂತ ನಾನು ಎಲ್ರಿಗೂ ಹೇಳೋದು ಇದಕ್ಕೇ.

ಇನ್ನೊಂದು ವಿಷ್ಯ. ಆ ಸೀಸನ್ನಿನ ನಮ್ಮ ಮೊದಲನೇ ಗೋಲು, ಈಸ್ಟ್ ಬೆಂಗಾಲ್ ಮೇಲೆ ಗೆಲ್ಸಿಕೊಟ್ಟ ಗೋಲು, ಹೊಡೆದಿದ್ದು ವಿನೀತ್ ವೆಂಕಟೇಶ್. ನಮ್ಮ ಕ್ಲಬ್ಬಿನ ಯೂತ್ ಟೀಮಿಂದಾನೇ ಮೇಲೆ ಬಂದ ಹುಡುಗ, ಆಗ ಹತ್ತೊಂಬತ್ತು ವರ್ಷ. ದುಡ್ಡು ಕೊಟ್ಟು ತಂದ ದೊಡ್ಡ ಹೆಸರುಗಳೆಲ್ಲ ಇರೋವಾಗ ಖಾತೆ ತೆರೆದಿದ್ದು ಆ ಹುಡುಗ ಅನ್ನೋದನ್ನ ನಾನು ಮರೆಯಲ್ಲ, ಕ್ಲಬ್ಬೂ ಮರೀಬಾರ್ದು.

ಮತ್ತೆ ಮಧ್ಯದಲ್ಲಿ ಎಡವಿದ್ದು ಯಾಕೆ?

ನವೆಂಬರಲ್ಲಿ ಗೋವಾಗೆ ಹೋಗಿ 3-0 ತಿಂದ್ವಿ. ಅಲ್ಲಿವರೆಗೂ ನಮ್ಮನ್ನ ಹೆಂಗೆ ಎದುರಿಸ್ಬೇಕು ಅಂತ ಬೇರೆ ಕೋಚುಗಳಿಗೆ ಗೊತ್ತಾಗಿರ್ಲಿಲ್ಲ, ಗೋವಾ ಕೋಚ್ ಮಾನೊಲೊ ಮಾರ್ಕೆಝ್ ಕಂಡುಹಿಡಿದ್ರು ಅಂತ ನನಗನ್ಸತ್ತೆ. ನಮ್ಮ ಫುಲ್‌ಬ್ಯಾಕುಗಳು ಮೇಲೆ ಹೋದಾಗ ಅವ್ರ ಬೆನ್ನ ಹಿಂದಿನ ಜಾಗಕ್ಕೆ ಬಾಲ್ ಹಾಕ್ತಾ ಇರಿ, ಅಷ್ಟೇ. ಆಮೇಲಾಮೇಲೆ ಎಲ್ರೂ ಅದನ್ನೇ ಮಾಡಿದ್ರು.

ನನಗೆ ಸಿಟ್ಟು ಬಂದಿದ್ದು ಗೋವಾ ಮ್ಯಾಚಿಗಲ್ಲ, ಜನವರಿಗೆ. ಮೊಹಮ್ಮಡನ್ ಸ್ಪೋರ್ಟಿಂಗ್ ಅಂದ್ರೆ ಟೇಬಲ್ಲಿನ ತಳದಲ್ಲಿದ್ದ ಟೀಮು, ಅದೇ ವರ್ಷ ಕೆಳಗಿನ ಹಂತದ ಐ-ಲೀಗಿಂದ ಮೇಲೆ ಬಂದಿದ್ದು, ಅವ್ರು ಕಂಠೀರವಕ್ಕೆ ಬಂದು ಕೊನೇಲಿ ಕಾಸಿಮೊವ್ ಫ್ರೀ ಕಿಕ್ಕಲ್ಲಿ 1-0 ಗೆದ್ಕೊಂಡು ಹೋದ್ರು. ಹಿಂದೇನೇ ಒಡಿಶಾ ಬಂದು ನಮ್ಮ ಮನೇಲೇ 3-2. ಡಿಸೆಂಬರ್‌ವರೆಗೂ ಮನೇಲಿ ಯಾರಿಗೂ ಸೋಲದೇ ಇದ್ದ ಟೀಮು ನೋಡಿ. ಎರಡನೇ ಜಾಗ ಅಲ್ಲೇ ಹೋಯ್ತು. ಎರಡನೇ ಜಾಗ ಸಿಕ್ಕಿದ್ರೆ ನೇರ ಸೆಮಿಫೈನಲ್ಲು, ಒಂದು ನಾಕೌಟ್ ಮ್ಯಾಚು ಉಳೀತಿತ್ತು, ಕಾಲಲ್ಲಿ ಶಕ್ತಿ ಉಳೀತಿತ್ತು. ಫೈನಲಲ್ಲಿ ಎಕ್ಸ್‌ಟ್ರಾ ಟೈಮಲ್ಲಿ ಯಾರ ಕಾಲು ಮೊದ್ಲು ಸೋತ್ವು ಅಂತ ನೆನಪು ಮಾಡ್ಕೊಳ್ಳಿ.

ಶೀಲ್ಡು ಅಂದ್ರೇನು, ಕಪ್ಪು ಅಂದ್ರೇನು? ಎರಡಕ್ಕೂ ಏನ್ ವ್ಯತ್ಯಾಸ?

ಲೀಗ್ ಹಂತದಲ್ಲಿ ಟೇಬಲ್ ಟಾಪ್ ಆದ್ರೆ ಶೀಲ್ಡು. ಮೊದಲ ಆರು ಟೀಮಿನ ಪ್ಲೇಆಫ್ ಗೆದ್ರೆ ಕಪ್ಪು. ಕಷ್ಟದ್ದು ಶೀಲ್ಡೇ, ಅದರಲ್ಲಿ ಎರಡು ಮಾತಿಲ್ಲ.

ಛೆಟ್ರಿ ಇನ್ನೂ ಆಡ್ಬೇಕಾ? ಹುಡುಗ್ರಿಗೆ ಜಾಗ ಬಿಡ್ಬಾರ್ದಾ?

ಎಲ್ಲಕ್ಕಿಂತ ಜಾಸ್ತಿ ಬರೋ ಪ್ರಶ್ನೆ ಇದು, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

2024ರ ಜೂನ್ 6ನೇ ತಾರೀಕು ಕುವೈತ್ ಮ್ಯಾಚ್ ಆಡಿ ಇಂಡಿಯಾ ಟೀಮಿಂದ ರಿಟೈರ್ ಆದ, 94 ಗೋಲು. ಆಗಸ್ಟಲ್ಲಿ 40 ತುಂಬ್ತು. ಎಲ್ರೂ ಏನಂದ್ಕೊಂಡಿದ್ರು, ಇನ್ನು ಬೆಂಚಲ್ಲಿ ಕೂತು ಕೊನೇ ಇಪ್ಪತ್ತು ನಿಮಿಷ ಬಂದು ಜನಕ್ಕೆ ಕೈ ಬೀಸಿ ಹೋಗ್ತಾನೆ ಅಂತ. ಆ ಸೀಸನ್ನಲ್ಲಿ ಅವನು ಹೊಡೆದಿದ್ದು 14 ಗೋಲು. ಭಾರತೀಯ ಆಟಗಾರ್ರಲ್ಲಿ ಅವನೇ ನಂಬರ್ ಒನ್. ನೈಜೀರಿಯಾದ ಸ್ಟ್ರೈಕರ್ ಓಗ್ಬೆಚೆದು 63 ಗೋಲಿನ ಐಎಸ್‌ಎಲ್ ದಾಖಲೆ ಮುರಿದಿದ್ದೂ ಅದೇ ಸೀಸನ್ನಲ್ಲಿ. ಡಿಸೆಂಬರ್ 7ಕ್ಕೆ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್ಕು, ಐಎಸ್‌ಎಲ್ಲಲ್ಲಿ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯ ಆಟಗಾರ ಅವನು. ಆ ಮ್ಯಾಚಲ್ಲಿ ನಾವು 2-0 ಮುಂದಿದ್ವಿ, ಅವ್ರು 2-2 ಮಾಡಿದ್ರು, ಇಡೀ ಸ್ಟೇಡಿಯಂ ಹೆದರ್ಕೊಂಡಿತ್ತು, ಆಮೇಲೆ ಛೆಟ್ರಿ ಎರಡು ಹೊಡೆದು 4-2. ಮಾರ್ಚಲ್ಲಿ ಇಂಡಿಯಾ ಟೀಮು ಮತ್ತೆ ಕರೀತು, ಹೋದ, ಶಿಲ್ಲಾಂಗಲ್ಲಿ ಮಾಲ್ಡೀವ್ಸ್ ಮೇಲೆ ಮತ್ತೊಂದು ಗೋಲು. ಗೋವಾ ಸೆಮಿಫೈನಲ್ ಎರಡನೇ ಲೆಗ್ಗಲ್ಲಿ ಅವ್ರು 2-0 ಮಾಡಿ ಒಟ್ಟು ಲೆಕ್ಕ ಸಮ ಆದಾಗ, ಎಕ್ಸ್‌ಟ್ರಾ ಟೈಮು ಅಂತ ಎಲ್ರೂ ಅಂದ್ಕೊಂಡಿರೋವಾಗ, ಇಂಜುರಿ ಟೈಮಲ್ಲಿ ತಲೆ ಕೊಟ್ಟು ನಮ್ಮನ್ನ ಫೈನಲ್ಲಿಗೆ ಕಳ್ಸಿದ್ದೂ ಅವನೇ.

ಇಂಥವನಿಗೆ ಜಾಗ ಬಿಡು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಜಾಗ ಯಾರೂ ಬಿಟ್ಕೊಡೋದಲ್ಲ, ಬಂದು ಕಿತ್ಕೋಬೇಕು, ಫುಟ್‌ಬಾಲ್ ಇರೋದೇ ಹಂಗೆ. ನನ್ನ ತಕರಾರು ಅವನ ಮೇಲೆ ಅಲ್ಲವೇ ಅಲ್ಲ, ಕಿತ್ಕೊಳ್ಳೋ ಹುಡುಗ್ರನ್ನ ತಯಾರ್ ಮಾಡ್ದೇ ಇರೋ ನಮ್ಮ ಇಡೀ ಪದ್ಧತಿ ಮೇಲೆ. ಐಎಸ್‌ಎಲ್ ಕ್ಲಬ್ಬುಗಳು ಏನ್ ಮಾಡ್ತಾವೆ, ನಂಬರ್ ಒಂಬತ್ತಿಗೆ, ಅಂದ್ರೆ ಮುಖ್ಯ ಸ್ಟ್ರೈಕರ್ ಜಾಗಕ್ಕೆ, ವಿದೇಶಿಯರನ್ನೇ ತರ್ತಾವೆ, ಆ ಸೀಸನ್ನಲ್ಲಿ ನಮ್ಮಲ್ಲಿ ಪೆರೇರಾ ಡಿಯಾಝ್, ಮೆಂಡೆಝ್, ಬಾಗನಲ್ಲಿ ಮೆಕ್ಲಾರೆನ್, ಕಮಿಂಗ್ಸು, ನಾರ್ತ್‌ಈಸ್ಟಲ್ಲಿ ಅಜಾರೈ. ಇಂಡಿಯನ್ ಸ್ಟ್ರೈಕರ್ ಅಂದ್ರೆ ಒಂದೋ ವಿಂಗಿಗೆ ತಳ್ತಾರೆ, ಇಲ್ಲಾ ಬೆಂಚಿಗೆ. 2022-23ರಲ್ಲಿ ನಮ್ಮ ಸ್ಟ್ರೈಕರ್ ಶಿವಶಕ್ತಿ ಹೆಂಗ್ ಆಡಿದ್ದ ನೆನಪಿದ್ಯಾ? ರಾಯ್ ಕೃಷ್ಣ ಪಕ್ಕದಲ್ಲಿ ನಿಂತು ಗೋಲ್ ಹೊಡೀತಾ ಇದ್ದ, ಸತತ ಎಂಟು ಮ್ಯಾಚ್ ಗೆದ್ವಲ್ಲ, ಅದರಲ್ಲಿ ಅವನ ಪಾಲು ದೊಡ್ದು. ಅಂಥ ಹುಡುಗನಿಗೆ ಮುಂದಿನ ಎರಡು ವರ್ಷ ಎಷ್ಟು ಮ್ಯಾಚ್ ಅವನ ಸ್ವಂತ ಜಾಗದಲ್ಲಿ ಶುರುವಿಂದ ಆಡೋಕೆ ಬಿಟ್ರು? ಛೆಟ್ರಿ 14 ಹೊಡೆದ ಅಂತ ಖುಷಿ ಪಡೋವಾಗ ಈ ಪ್ರಶ್ನೆನೂ ಜೊತೇಲೇ ಕೇಳ್ಬೇಕು, ಇಲ್ಲಾಂದ್ರೆ ಅವನು ಬೂಟ್ ಬಿಚ್ಚಿದ ದಿನ ನಮ್ಮ ಕೈಲಿ ಏನೂ ಇರಲ್ಲ.

ಮುಂಬೈ ಮೇಲೆ 5-0. ಅದು ಮುಂಬೈ ಕೆಟ್ಟದಾಗಿ ಆಡಿದ್ದಕ್ಕಲ್ವಾ?

ಮುಂಬೈ ಕೆಟ್ಟದಾಗಿ ಆಡ್ತು, ನಿಜ. ಹಂಗೆ ಆಡೋ ಥರ ಮಾಡಿದ್ದು ನಾವು. ಮಾರ್ಚ್ 29, ಕಂಠೀರವ, ಶುರುವಿಗೇ ಸುರೇಶ್ ವಾಂಗ್ಜಾಮ್ ಗೋಲು, ಆಮೇಲೆ ಮೆಂಡೆಝ್ ಪೆನಾಲ್ಟಿ, ರಯಾನ್ ವಿಲಿಯಮ್ಸ್, ಛೆಟ್ರಿ, ಡಿಯಾಝ್. ಐದು ಗೋಲು, ಐದು ಬೇರೆ ಬೇರೆ ಜನ. ಒಬ್ಬನ ಮೇಲೆ ಭಾರ ಹಾಕ್ದೆ ಗೆದ್ದ ಮ್ಯಾಚು ಅದು, ಅದಕ್ಕೇ ನನಗೆ ಆ ಸೀಸನ್ನಲ್ಲಿ ಅತಿ ಇಷ್ಟ ಅದೇ. ನಮ್ಮ ಮಿಡ್‌ಫೀಲ್ಡರ್ ನೊಗುವೇರಾ ಆವತ್ತು ಆಡಿದ ಥರ ಆಡಿದ್ರೆ ಏಷ್ಯಾದಲ್ಲಿ ಎಲ್ಲಿ ಬೇಕಾದ್ರೂ ಆಡ್ಬೋದು.

ಫೈನಲಲ್ಲಿ ಮೋಸ ಆಯ್ತಾ?

ಇಲ್ಲ. ನಮ್ಮ ಜನಕ್ಕೆ ಇದು ಇಷ್ಟ ಆಗಲ್ಲ ಅಂತ ಗೊತ್ತು, ಆದ್ರೂ ಇಲ್ಲ.

ಏಪ್ರಿಲ್ 12. 49ನೇ ನಿಮಿಷಕ್ಕೆ ರಯಾನ್ ಹಾಕಿದ ಕ್ರಾಸು ಆಲ್ಬರ್ಟೊ ರಾಡ್ರಿಗೆಝ್ ಕಾಲಿಗೆ ತಾಗಿ ಅವ್ರದೇ ಗೋಲಿಗೆ ಹೋಯ್ತು, 1-0 ನಾವು ಮುಂದೆ. ಸಾಲ್ಟ್ ಲೇಕ್ ಪೂರ್ತಿ ಮೌನ. 72ಕ್ಕೆ ನಮ್ಮ ಚಿಂಗ್ಲೆನ್ಸಾನಾ ಕೈಗೆ ಬಾಲು, ಪೆನಾಲ್ಟಿ, ಕಮಿಂಗ್ಸ್ ತಪ್ಪಿಸ್ಲಿಲ್ಲ. 96ಕ್ಕೆ ಮೆಕ್ಲಾರೆನ್ ಬಾಕ್ಸೊಳಗೆ ತಿರುಗಿ ಹೊಡೆದ. ಅಷ್ಟೇ. ಕೈಗೆ ಬಾಲ್ ತಾಗಿದ್ದು ಎಲ್ರಿಗೂ ಕಂಡಿದೆ.

ನಾವು ಸೋತಿದ್ದು 49ಕ್ಕೂ 72ಕ್ಕೂ ನಡುವಿನ ಟೈಮಲ್ಲಿ. ಒಂದು ಗೋಲ್ ಮುಂದೆ ಇದ್ವಿ, ಅವ್ರು ಗಾಬರಿ ಆಗಿದ್ರು, ಎರಡನೇದು ಹೊಡೆಯೋ ಟೈಮು ಅದೇ. ನಾವು ಹಿಂದೆ ಹಿಂದೆ ಸರಿದ್ವಿ, ಬಾಕ್ಸ್ ಹತ್ರ ಗೋಡೆ ಕಟ್ಕೊಂಡು ನಿಂತ್ವಿ, ಅರವತ್ತು ಸಾವಿರ ಜನ ಕೂಗೋ ಜಾಗದಲ್ಲಿ ಅಷ್ಟು ಹೊತ್ತು ಗೋಡೆ ನಿಲ್ಲಲ್ಲ. ಬೆಂಚಿಂದ ಬಂದು ಓಡಿ ಅವ್ರ ಡಿಫೆನ್ಸನ್ನ ಹಿಂದಕ್ಕೆ ತಳ್ಳೋ ಒಬ್ಬ ಹುಡುಗ ಬೇಕಿತ್ತು. ಮತ್ತೆ ಅದೇ ಪ್ರಶ್ನೆಗೇ ಬಂದ್ವಿ ನೋಡಿ.

2018ರಲ್ಲಿ ಚೆನ್ನೈಯಿನ್ ಜೊತೆ ಕಂಠೀರವದಲ್ಲಿ ನಡೆದ ಫೈನಲಲ್ಲೂ ಮೊದಲ ಗೋಲು ನಮ್ದೇ, ಛೆಟ್ರಿ ಹೆಡರು, ಆಮೇಲೆ ಮೈಲ್ಸನ್ ಎರಡು ಕಾರ್ನರಲ್ಲಿ ಎರಡು ಹೊಡೆದ, 3-2 ಸೋತ್ವಿ. ಮುಂದೆ ಇದ್ದಾಗ ಹೆಂಗಿರ್ಬೇಕು ಅನ್ನೋದು ನಮಗಿನ್ನೂ ಬಂದಿಲ್ಲ.

ಕೇರಳದವ್ರ ಜೊತೆ ಯಾಕೆ ಅಷ್ಟು ಜಿದ್ದು?

ಹತ್ರದ ಊರು, ಒಂದು ರಾತ್ರಿ ಬಸ್ಸಲ್ಲಿ ಬಂದ್ಬಿಡ್ತಾರೆ, ಬರೋದೇನು, ಅರ್ಧ ಜನ ಇಲ್ಲೇ ಇದಾರೆ. ಕೇರಳ ಮ್ಯಾಚಿನ ದಿನ ಕಂಠೀರವದಲ್ಲಿ ಹಳದಿ ಬಣ್ಣ ನೋಡ್ಬೇಕು ನೀವು. ಅವ್ರು ಅವ್ರ ಟೀಮಿಗೆ ಕೊಡೋ ಪ್ರೀತಿನ ನಾನು ಮನಸಾರೆ ಗೌರವಿಸ್ತೀನಿ. ದೇಶದಲ್ಲಿ ಎಲ್ಲಾ ಊರೂ ಹಂಗಿದ್ರೆ ನಮ್ಮ ಲೀಗಿಗೆ ಇವತ್ತಿನ ಗತಿ ಬರ್ತಿರ್ಲಿಲ್ಲ.

ಜಿದ್ದು ಬೆಂಕಿ ಆಗಿದ್ದು 2023ರ ಮಾರ್ಚ್ 3ಕ್ಕೆ. ನಾಕೌಟ್ ಮ್ಯಾಚು, 0-0, ಎಕ್ಸ್‌ಟ್ರಾ ಟೈಮು, ಫ್ರೀ ಕಿಕ್ಕು. ಅವ್ರು ಗೋಡೆ ಕಟ್ಕೊಳ್ತಾ ಇರೋವಾಗ್ಲೇ ಛೆಟ್ರಿ ಹೊಡೆದ, ರೆಫರಿ ಗೋಲ್ ಕೊಟ್ರು. ಅವ್ರ ಕೋಚ್ ವುಕೊಮನೊವಿಚ್ ತಮ್ಮ ಹುಡುಗ್ರನ್ನ ಮೈದಾನದಿಂದ ಆಚೆ ಕರ್ಕೊಂಡು ಹೋದ್ರು, ವಾಪಸ್ ಬರ್ಲೇ ಇಲ್ಲ. ಫೆಡರೇಶನ್ನು ಅವ್ರ ಕ್ಲಬ್ಬಿಗೆ 4 ಕೋಟಿ ದಂಡ ಹಾಕ್ತು, ಕೋಚಿಗೆ 10 ಮ್ಯಾಚ್ ನಿಷೇಧ. ಗೋಲು ನ್ಯಾಯವಾದದ್ದಾ ಅಂತ ಕೇಳ್ತೀರಾ. ರೆಫರಿ ಸೀಟಿಗೆ ಕಾಯಿರಿ ಅಂತ ಹೇಳಿರದಿದ್ರೆ ಬೇಗ ಹೊಡೆಯೋ ಹಕ್ಕು ಹೊಡೆಯೋನಿಗೆ ಇದೆ, ಬಾಲ್ ಪಕ್ಕದಲ್ಲಿ ಎಚ್ಚರವಾಗಿ ನಿಲ್ಲೋ ಕೆಲ್ಸ ಎದುರಾಳಿದು. ನನ್ನ ಮಟ್ಟಿಗೆ ಅದು ಗೋಲೇ. ಮ್ಯಾಚ್ ಬಿಟ್ಟು ಹೋಗಿದ್ದು ಮಾತ್ರ ಯಾವ ಟೀಮ್ ಮಾಡಿದ್ರೂ ತಪ್ಪೇ, ನಾಳೆ ನಾವು ಮಾಡಿದ್ರೂ ತಪ್ಪು ಅಂತಾನೇ ಹೇಳ್ತೀನಿ.

ಬೆಂಗಳೂರು ಅಂತ ಹೆಸರಿಟ್ಕೊಂಡು ಕರ್ನಾಟಕದ ಹುಡುಗ್ರೇ ಇಲ್ವಲ್ಲ?

ಈ ಪ್ರಶ್ನೆ ಕೇಳಿದವ್ರಿಗೆಲ್ಲ ನಾನು ಥ್ಯಾಂಕ್ಸ್ ಹೇಳ್ತೀನಿ. ನಿಜ, ಕೈಬೆರಳಲ್ಲಿ ಎಣಿಸೋ ಅಷ್ಟೂ ಇಲ್ಲ. ಮಣಿಪುರ, ಮಿಜೋರಾಂ, ಸಿಕ್ಕಿಂ, ಪಂಜಾಬಿಂದ ಬಂದು ನಮ್ಮ ಬಟ್ಟೆ ಹಾಕ್ಕೊಂಡು ಬೆವರು ಸುರಿಸೋ ಹುಡುಗ್ರು ನಮ್ಮವರೇ, ಸುರೇಶ್‌ನ ನನ್ನ ತಮ್ಮ ಅಂತಾನೇ ಅಂದ್ಕೊಂಡಿದೀನಿ. ಆದ್ರೆ ಗೌತಮಪುರದ ಹುಡುಗ ಯಾಕಿಲ್ಲ ಅಂತ ಕೇಳೋದು ಅವ್ರಿಗೆ ಮಾಡೋ ಅವಮಾನ ಅಲ್ಲ.

ಹೊಸಬರಿಗೆ ಗೊತ್ತಿರಲ್ಲ. ಹಲಸೂರು ಪಕ್ಕದ ಗೌತಮಪುರಕ್ಕೆ ಹೋಗಿ ನೋಡಿ, ಸರ್ಕಲ್ಲಲ್ಲಿ ಪೆಲೆ ಪ್ರತಿಮೆ ಇದೆ, ವರ್ಲ್ಡ್ ಕಪ್ ಬಂದ್ರೆ ಗಲ್ಲಿ ಪೂರ್ತಿ ಹಳದಿ ಹಸಿರು. ಆಸ್ಟಿನ್ ಟೌನು, ಮರ್ಫಿ ಟೌನು, ಇವೆಲ್ಲ ಕ್ರಿಕೆಟ್ಟಿಗಿಂತ ಮುಂಚೆ ಫುಟ್‌ಬಾಲ್ ಉಸಿರಾಡಿದ ಜಾಗ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡ್ತಿದ್ರು, ನಮ್ಮ ಹುಡುಗ್ರು ನೋಡಿ ಕಲಿತು ಬರಿಗಾಲಲ್ಲಿ ಅವ್ರಿಗೇ ಹೊಡೆದ್ರು. 1948ರ ಲಂಡನ್ ಒಲಿಂಪಿಕ್ಸಲ್ಲಿ ಆಡಿದ, ಈಸ್ಟ್ ಬೆಂಗಾಲಿನ ಪಂಚ ಪಾಂಡವರು ಅಂತ ಹೆಸರಾದ ಐದು ಫಾರ್ವರ್ಡುಗಳಲ್ಲಿ ಒಬ್ರಾದ ಅಹ್ಮದ್ ಖಾನ್ ಬೆಂಗಳೂರಿನವ್ರು. 1956ರ ಮೆಲ್ಬೋರ್ನ್ ಒಲಿಂಪಿಕ್ಸಲ್ಲಿ ಇಂಡಿಯಾ ನಾಲ್ಕನೇ ಜಾಗಕ್ಕೆ ಬಂತಲ್ಲ, ಆ ಟೀಮಲ್ಲಿದ್ದ ಕೆಂಪಯ್ಯ ನಮ್ಮವ್ರು. 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಟೀಮಲ್ಲಿ ಅರುಮೈನಾಯಗಂ. ಆಮೇಲೆ ಕಾರ್ಲ್‌ಟನ್ ಚಾಪ್ಮನ್, ಆಸ್ಟಿನ್ ಟೌನ್ ಹುಡುಗ, ಇಂಡಿಯಾ ಕ್ಯಾಪ್ಟನ್ ಆದ, 2020ರಲ್ಲಿ ಬರೀ 49 ವರ್ಷಕ್ಕೆ ಹೋಗ್ಬಿಟ್ಟ.

ಮತ್ತೆ ಇದೆಲ್ಲ ಹಳೇ ಕತೆ ಅನ್ಬೇಡಿ. 2023ರ ಮಾರ್ಚ್ 4ಕ್ಕೆ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯದ ಮೇಲೆ 3-2 ಗೆದ್ದು ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ತಂತು. 54 ವರ್ಷ ಆದ್ಮೇಲೆ. ಅದಕ್ಕೂ ಹಿಂದಿನದು 1968-69ರಲ್ಲಿ, ಆಗಿನ್ನೂ ಮೈಸೂರು ರಾಜ್ಯ ಅಂತ ಆಡ್ತಿದ್ವಿ. ಅಂದ್ರೆ ಹುಡುಗ್ರು ಇದಾರೆ. ಬೆಂಗಳೂರಿನ ಸೂಪರ್ ಡಿವಿಶನ್ ಲೀಗಲ್ಲಿ ಸಂಜೆ ಹೊತ್ತು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಹೋಗಿ ಕೂತ್ರೆ ಕಿಕ್‌ಸ್ಟಾರ್ಟು, ಸೇನೆಯ ಎಂಇಜಿ, ಎಎಸ್‌ಸಿ ಟೀಮುಗಳಲ್ಲಿ ಎಂಥೆಂಥ ಹುಡುಗ್ರು ಆಡ್ತಾರೆ ಅಂತ ನಿಮಗೇ ಗೊತ್ತಾಗತ್ತೆ. ಅವ್ರಿಗೂ ಕಂಠೀರವಕ್ಕೂ ಮಧ್ಯೆ ಇರೋದು ಎರಡು ಮೂರು ಕಿಲೋಮೀಟರು ದೂರ, ಆ ದೂರ ದಾಟೋರು ಮಾತ್ರ ಯಾಕಿಷ್ಟು ಕಡಿಮೆ?

ಕ್ಲಬ್ಬು ಏನೂ ಮಾಡಿಲ್ಲ ಅಂತಲ್ಲ. ಬಳ್ಳಾರಿ ಹತ್ರ ವಿಜಯನಗರದಲ್ಲಿ ಅಕಾಡೆಮಿ ಮಾಡಿದ್ರು, ರಿಸರ್ವ್ ಟೀಮಿಂದ ಸುಮಾರು ಹುಡುಗ್ರು ಮೇಲೆ ಬಂದಿದಾರೆ, ದೇಶದ ಬೇರೆ ಕ್ಲಬ್ಬುಗಳಿಗೆ ಹೋಲಿಸಿದ್ರೆ ನಮ್ದು ಎಷ್ಟೋ ಮೇಲು. ನಾನು ಕೇಳೋದು ಇನ್ನೂ ಒಂದು ಹೆಜ್ಜೆ. ರಿಸರ್ವ್ ಟೀಮಲ್ಲಿ ಪ್ರತಿ ವರ್ಷ ಸೂಪರ್ ಡಿವಿಶನ್ ಬೇರೆ ಕ್ಲಬ್ಬುಗಳಿಂದ ಇಬ್ರು ಮೂರು ಜನಕ್ಕೆ ಜಾಗ ಕೊಡಿ, ಅದರಲ್ಲೂ ಗೋಲ್ ಹೊಡೆಯೋರನ್ನ ಹುಡುಕಿ. ಮಂಗಳೂರು, ಬೆಳಗಾವಿ ಕಡೆನೂ ಹೋಗಿ ನೋಡಿ, ಬೆಳಗಾವೀಲಿ ಫುಟ್‌ಬಾಲ್ ಹುಚ್ಚು ಏನು ಕಮ್ಮಿ ಇಲ್ಲ.

ಮನೇಲಿ ಕೂತು ಪ್ರೀಮಿಯರ್ ಲೀಗ್ ನೋಡೋರಿಗೆ ಇದು ಬೋರ್ ಅನ್ಸಲ್ವಾ?

ಸ್ಪೀಡು ಕಮ್ಮಿ, ಪಾಸು ತಪ್ಪತ್ತೆ, ಒಪ್ಕೊಳ್ತೀನಿ. ನೀವು ಶನಿವಾರ ರಾತ್ರಿ ಮ್ಯಾಂಚೆಸ್ಟರ್ ನೋಡಿ, ಬೇಡ ಅನ್ನಲ್ಲ. ಆದ್ರೆ ಆ ಆಟಗಾರನಿಗೆ ನಿಮ್ಮ ಕೂಗು ಕೇಳ್ಸಲ್ಲ. ಇಲ್ಲಿ ಕಂಠೀರವದ ವೆಸ್ಟ್ ಬ್ಲಾಕ್ ಸ್ಟ್ಯಾಂಡಲ್ಲಿ ನಿಂತು ಕೂಗಿದ್ರೆ ನಮ್ಮ ರೋಶನ್ ಸಿಂಗ್ ಕಾರ್ನರ್ ಹೊಡೆಯೋಕೆ ಬಂದಾಗ ತಿರುಗಿ ನೋಡ್ತಾನೆ, ನಮ್ಮಿಂದ ಅವನಿಗೆ ಏನೋ ಒಂದು ಸಿಗತ್ತೆ. ಮ್ಯಾಚ್ ಮುಗಿದ್ಮೇಲೆ ಗೆದ್ರೂ ಸೋತ್ರೂ ಟೀಮು ಆ ಸ್ಟ್ಯಾಂಡ್ ಮುಂದೆ ಬಂದು ನಿಲ್ಲತ್ತೆ.

ಕಂಠೀರವಕ್ಕೆ ಫಸ್ಟ್ ಟೈಮ್ ಬರೋರಿಗೆ ಏನ್ ಹೇಳ್ತೀಯಾ?

ಮೆಟ್ರೋ ಹಿಡೀರಿ, ಕಬ್ಬನ್ ಪಾರ್ಕ್ ಸ್ಟೇಷನ್ನಲ್ಲಿ ಇಳಿದು ಕಸ್ತೂರಬಾ ರೋಡ್ ಕಡೆಯಿಂದ ನಡ್ಕೊಂಡು ಬನ್ನಿ. ಕಾರ್ ತರ್ಬೇಡಿ, ವಿಠ್ಠಲ್ ಮಲ್ಯ ರೋಡಲ್ಲಿ ಮ್ಯಾಚಿನ ದಿನ ನಿಲ್ಸೋಕೆ ಜಾಗ ಇರಲ್ಲ. ಹಾಡು, ಡ್ರಮ್ಮು, ತೊಂಬತ್ತು ನಿಮಿಷ ನಿಂತೇ ನೋಡೋದು ಇಷ್ಟ ಅಂದ್ರೆ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಗುಂಪು ಇರೋ ಸ್ಟ್ಯಾಂಡಿಗೆ ಟಿಕೆಟ್ ತಗೊಳ್ಳಿ, ಹಾಡು ಗೊತ್ತಿಲ್ದೇ ಇದ್ರೆ ಪಕ್ಕದವ್ರು ಕಲಿಸ್ತಾರೆ. ಮಕ್ಕಳ ಜೊತೆ ಬರ್ತೀರಾ ಅಂದ್ರೆ ಸ್ವಲ್ಪ ಪಕ್ಕದ ಸ್ಟ್ಯಾಂಡ್ ಒಳ್ಳೇದು. ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರೋದ್ರಿಂದ ಆಟ ಸ್ವಲ್ಪ ದೂರ ಕಾಣತ್ತೆ, ಮೇಲಿನ ಸಾಲಲ್ಲಿ ಕೂತ್ರೆ ಟೀಮಿನ ಆಕಾರ ಚೆನ್ನಾಗಿ ಗೊತ್ತಾಗತ್ತೆ. ಅಥ್ಲೀಟುಗಳಿಗೂ ಆ ಟ್ರ್ಯಾಕ್ ಬೇಕೇ ಬೇಕು, ಅವ್ರನ್ನ ದೂರೋದ್ರಲ್ಲಿ ಅರ್ಥ ಇಲ್ಲ. ಈ ಊರಿಗೆ ಫುಟ್‌ಬಾಲಿಗೇ ಅಂತ ಒಂದು ದೊಡ್ಡ ಸ್ಟೇಡಿಯಂ ಕಟ್ಟೋದೊಂದೇ ದಾರಿ.

2025ರಲ್ಲಿ ಲೀಗ್ ನಿಂತಿದ್ದು ಯಾಕೆ?

ಚಿಕ್ಕದಾಗಿ ಹೇಳ್ತೀನಿ, ಹೇಳೋಕೆ ಹೊಟ್ಟೆ ಉರಿಯತ್ತೆ. ಫುಟ್‌ಬಾಲ್ ಫೆಡರೇಶನ್ನಿಗೂ ಲೀಗ್ ನಡೆಸೋ ಎಫ್‌ಎಸ್‌ಡಿಎಲ್ ಕಂಪನಿಗೂ 2010ರಲ್ಲಿ 15 ವರ್ಷಕ್ಕೆ ಒಪ್ಪಂದ ಆಗಿತ್ತು, ಅದು 2025ರ ಡಿಸೆಂಬರ್ 8ಕ್ಕೆ ಮುಗೀತಿತ್ತು. ಮುಂದೇನು ಅಂತ ತೀರ್ಮಾನ ಆಗ್ಲಿಲ್ಲ, ಫೆಡರೇಶನ್ ಸಂವಿಧಾನದ ಕೇಸು ಸುಪ್ರೀಂ ಕೋರ್ಟಲ್ಲಿತ್ತು, ಜುಲೈನಲ್ಲಿ ಕಂಪನಿಯವ್ರು ಸೀಸನ್ ತಡೆ ಹಿಡಿದಿದೀವಿ ಅಂತ ಹೇಳ್ಬಿಟ್ರು. ಆಗಸ್ಟಲ್ಲಿ ನಮ್ಮ ಕ್ಲಬ್ಬೇ ಮೊದಲ ಟೀಮಿನ ಆಟಗಾರ್ರು, ಸಿಬ್ಬಂದಿ ಸಂಬಳ ಅನಿರ್ದಿಷ್ಟವಾಗಿ ನಿಲ್ಸಿದೆ ಅಂತ ಪ್ರಕಟಣೆ ಕೊಡ್ತು. ಹೊಸ ಟೆಂಡರ್ ಕರೆದ್ರೆ ಒಬ್ರೂ ಬಿಡ್ ಹಾಕ್ಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕ್ರೀಡಾ ಸಚಿವ್ರು ಬಂದು ಫೆಬ್ರವರಿ 14ರಿಂದ 14 ಟೀಮು, ಒಬ್ಬೊಬ್ರ ಜೊತೆ ಒಂದೊಂದೇ ಮ್ಯಾಚು, ಒಟ್ಟು 91 ಅಂತ ಘೋಷಣೆ ಮಾಡಿದ್ರು.

ಇಲ್ಲಿ ಅತಿ ಹೆಚ್ಚು ಪೆಟ್ಟು ತಿಂದಿದ್ದು ದೊಡ್ಡ ಹೆಸರಿನವ್ರಲ್ಲ. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗ್ರು, ಅವ್ರ ಜೀವನದಲ್ಲಿ ಒಂದು ಅರ್ಧ ವರ್ಷ ಮ್ಯಾಚೇ ಇಲ್ಲ ಅಂದ್ರೆ ಅದು ವಾಪಸ್ ಬರಲ್ಲ. ಕಿಟ್ ನೋಡ್ಕೊಳ್ಳೋರು, ಫಿಸಿಯೋಗಳು, ಹುಲ್ಲು ನೋಡ್ಕೊಳ್ಳೋರು, ಇವ್ರ ಮನೆ ಬಾಡಿಗೆ ಯಾರು ಕಟ್ತಾರೆ? ಫುಟ್‌ಬಾಲ್ ಆಡಳಿತದಲ್ಲಿ ಇರೋರೆಲ್ಲ ಹದಿನೈದು ವರ್ಷ ಮುಂಚೆನೇ ಗೊತ್ತಿದ್ದ ತಾರೀಕಿಗೆ ತಯಾರಾಗ್ಲಿಲ್ಲ, ಅದನ್ನ ನಾನು ಕ್ಷಮಿಸಲ್ಲ.

ರಯಾನ್ ವಿಲಿಯಮ್ಸ್ ಇಂಡಿಯನ್ ಆದ್ನಂತೆ, ಸರಿನಾ?

ಖಂಡಿತ ಸರಿ. ಪರ್ತ್‌ನಲ್ಲಿ ಹುಟ್ಟಿದವನು, ತಾಯಿ ಕಡೆ ಬೇರು ಮುಂಬೈದು, ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಿಟ್ಟು 2025ರಲ್ಲಿ ನಮ್ಮ ಪಾಸ್‌ಪೋರ್ಟ್ ತಗೊಂಡ. ಅಷ್ಟು ದೊಡ್ಡದನ್ನ ಬಿಟ್ಟು ಬರೋನಿಗೆ ಎರಡೂ ಕೈ ಚಾಚಿ ಸ್ವಾಗತ. ಹಂಗಂತ ಇಂಥವ್ರನ್ನ ತಂದ್ರೆ ನಮ್ಮ ಸ್ಟ್ರೈಕರ್ ಸಮಸ್ಯೆ ಮುಗೀತು ಅಂತ ಯಾರಾದ್ರೂ ಅಂದ್ರೆ ಒಪ್ಪಲ್ಲ, ಅವನೂ ಮೂವತ್ತು ದಾಟಿದಾನೆ.

ಹೊಸದಾಗಿ ಬಿಎಫ್‌ಸಿ ಫಾಲೋ ಮಾಡೋಕೆ ಶುರು ಮಾಡಿದೀನಿ. ಹಳೇ ಮ್ಯಾಚಲ್ಲಿ ಯಾವ್ದು ಮೊದ್ಲು ನೋಡ್ಲಿ?

2016ರ ಅಕ್ಟೋಬರ್ 19, ಜೊಹೊರ್ ದಾರುಲ್ ತಾಝಿಮ್ ಜೊತೆ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್ಬುಗಳ ಟೂರ್ನಿ) ಸೆಮಿಫೈನಲ್ ಎರಡನೇ ಲೆಗ್ಗು. ಬೇರೆ ಯಾವ್ದೂ ಅಲ್ಲ, ಇದೇ ಮೊದ್ಲು. ಮಲೇಷ್ಯಾದ ಟೀಮು, ಹಿಂದಿನ ವರ್ಷದ ಚಾಂಪಿಯನ್ನು, ಮೊದ್ಲು ಗೋಲ್ ಅವ್ರೇ ಹೊಡೆದ್ರು. ಆಮೇಲೆ ಛೆಟ್ರಿ ಎರಡು, ಅದರಲ್ಲಿ ಎರಡನೇದು ದೂರದಿಂದ ಹೊಡೆದಿದ್ದು, ಜುವಾನನ್ ಹೆಡರು, 3-1. ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತದ ಕ್ಲಬ್ಬು ನಾವು, ಆಗ ಕ್ಲಬ್ಬಿಗೆ ಬರೀ ಮೂರು ವರ್ಷ. ದೋಹಾದಲ್ಲಿ ಫೈನಲ್ಲು ಇರಾಕಿನ ಏರ್‌ಫೋರ್ಸ್ ಕ್ಲಬ್ ಹತ್ರ 1-0 ಸೋತ್ವಿ.

ಆಮೇಲೆ 2019ರ ಮಾರ್ಚ್ 17, ಮುಂಬೈಯಲ್ಲಿ ಗೋವಾ ಜೊತೆ ಐಎಸ್‌ಎಲ್ ಫೈನಲ್ಲು, 117ನೇ ನಿಮಿಷಕ್ಕೆ ಕಾರ್ನರ್ ಬಂತು, ಭೆಕೆ ತಲೆ ಕೊಟ್ಟ. ಆಮೇಲೆ ಬೇಕಿದ್ರೆ 2015ರ ಮೇ 31 ನೋಡಿ, ಐ-ಲೀಗ್ ಕೊನೇ ದಿನ (ಆಗ ದೇಶದ ಮೇಲಿನ ಹಂತದ ಲೀಗು ಅದೇ), ಕಂಠೀರವದಲ್ಲಿ ಮಳೆ, ನಾವು 1-0 ಮುಂದೆ ಇದ್ವಿ, ಗೆದ್ರೆ ಚಾಂಪಿಯನ್ನು, 87ನೇ ನಿಮಿಷಕ್ಕೆ ಬೆಲ್ಲೊ ರಝಾಕ್ ಹೆಡರ್ ಹಾಕಿ ಟ್ರೋಫಿನ ಮೋಹನ್ ಬಾಗನ್ನಿಗೆ ಕೊಟ್ಬಿಟ್ಟ. ಬಾಗನ್ ಅಂದ್ರೆ ನಮ್ಮ ಜನ ಯಾಕೆ ಹಲ್ಲು ಕಡೀತಾರೆ ಅಂತ ಆ ಮ್ಯಾಚ್ ನೋಡಿದ್ರೆ ಗೊತ್ತಾಗತ್ತೆ. ಮುಂದಿನ ವರ್ಷ ಐ-ಲೀಗ್ ಗೆದ್ದಿದ್ದು ನಾವೇ.